ಕಾಣುವುದು ಮತ್ತು ನೋಡಬಲ್ಲುದು: ಇಂಗ್ಲಿಷಿನ ‘ಕ್ಯಾನ್ ಸೀ’ ಕನ್ನಡಕ್ಕೆ ಬಂದಾಗ

ಇಂಗ್ಲಿಷಿನ ‘ಕ್ಯಾನ್’ ಎಂಬ ಸಹಾಯಕ ಕ್ರಿಯಾಪದಕ್ಕೆ ಕನ್ನಡದ ‘ಬಲ್ಲ’ ಸಮಾನವೆಂದು ಅನುವಾದದ ಪಾಠಗಳಲ್ಲಿ ಹೇಳಿಕೊಡುವ ರೂಢಿಯಿದೆ. ‘ಹೀ ಕ್ಯಾನ್ ಸ್ವಿಮ್’ ಎಂಬುದು ‘ಅವನು ಈಜಬಲ್ಲ’ ಎಂದಾಗುವವರೆಗೆ ಈ ಸಮೀಕರಣದಿಂದ ತೊಂದರೆಯೇನೂ ಇಲ್ಲ. ಅದೇ ಸೂತ್ರವನ್ನು ಹಿಡಿದು ‘ಐ ಕ್ಯಾನ್ ಸೀ ಎ ಶಿಪ್’ ಎಂಬುದನ್ನು ‘ನಾನು ಒಂದು ಹಡಗನ್ನು ನೋಡಬಲ್ಲೆ’ ಎಂದು ಬರೆದೊಡನೆ ಕನ್ನಡದ ಕಿವಿಗೆ ಏನೋ ತಪ್ಪಿದಂತೆ ಕೇಳಿಸುತ್ತದೆ. ಅನುವಾದಿತ ಕಾದಂಬರಿಗಳಲ್ಲಿ, ಡಬ್ಬಿಂಗ್ ಸಂಭಾಷಣೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಇಂತಹ ವಾಕ್ಯಗಳು ಸುಳಿಯುತ್ತಲೇ ಇವೆ. ಇದನ್ನು ಕೇವಲ ಶೈಲಿಯ ದೋಷವೆಂದು ತಳ್ಳಿಹಾಕುವುದು ಸರಿಯಲ್ಲ. ಎರಡು ಭಾಷೆಗಳು ಇಂದ್ರಿಯಾನುಭವವನ್ನು ವಾಕ್ಯದಲ್ಲಿ ಕಟ್ಟುವ ಬಗೆಯೇ ಬೇರೆಯಾಗಿರುವುದು ಇದರ ಮೂಲ.

ಮೊದಲು ಇಂಗ್ಲಿಷಿನ ಸಂಗತಿಯನ್ನೇ ನೋಡಬೇಕು. ಆ ಭಾಷೆಯಲ್ಲಿ ‘ಸೀ’, ‘ಹಿಯರ್’, ‘ಸ್ಮೆಲ್’, ‘ಟೇಸ್ಟ್’, ‘ಫೀಲ್’ ಎಂಬ ಕ್ರಿಯಾಪದಗಳು ತಾನಾಗಿ ಒದಗುವ ಗ್ರಹಿಕೆಯನ್ನು ಸೂಚಿಸುವಾಗ ಸಾಮಾನ್ಯವಾಗಿ ‘ಇಂಗ್’ ರೂಪವನ್ನು ಪಡೆಯುವುದಿಲ್ಲ. ‘ಐ ಆ್ಯಮ್ ಸೀಯಿಂಗ್ ಎ ಶಿಪ್’ ಎಂದು ಇಂಗ್ಲಿಷ್ ಭಾಷಿಕರು ಹೇಳುವುದು ಅಪರೂಪ. 1971ರಲ್ಲಿ ಪ್ರಕಟವಾದ ‘ಮೀನಿಂಗ್ ಆ್ಯಂಡ್ ದಿ ಇಂಗ್ಲಿಷ್ ವರ್ಬ್’ ಗ್ರಂಥದಲ್ಲಿ ಜೆಫ್ರಿ ಲೀಚ್ ಇವುಗಳನ್ನು ನಿಷ್ಕ್ರಿಯ ಗ್ರಹಿಕೆಯ ಕ್ರಿಯಾಪದಗಳೆಂದು ಪ್ರತ್ಯೇಕಿಸಿದ್ದಾರೆ. ಈ ಕ್ಷಣದಲ್ಲಿ ನಡೆದಿರುವ ಗ್ರಹಿಕೆಯನ್ನು ಹೇಳಲು ‘ಇಂಗ್’ ರೂಪ ಒದಗದಿರುವಾಗ ಆ ತೆರವನ್ನು ತುಂಬುವುದು ‘ಕ್ಯಾನ್’. ಎಂದರೆ ‘ಐ ಕ್ಯಾನ್ ಸೀ’ ಎಂಬಲ್ಲಿ ಸಾಮರ್ಥ್ಯದ ಅರ್ಥ ಬಹುಮಟ್ಟಿಗೆ ಸವೆದುಹೋಗಿದೆ. ಅಲ್ಲಿ ಉಳಿದಿರುವುದು ಅನುಭವ ಮುಂದುವರಿದಿದೆ ಎಂಬ ಸೂಚನೆ.

ಇದಕ್ಕೆ ಭೂತಕಾಲದಲ್ಲಿ ಇನ್ನೂ ಸ್ಪಷ್ಟವಾದ ಆಧಾರವಿದೆ. ಒಂದೇ ಒಂದು ಸಂದರ್ಭದಲ್ಲಿ ಯಶಸ್ವಿಯಾಗಿ ನಡೆದ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಕುಡ್’ ಸಲ್ಲುವುದಿಲ್ಲ. ‘ನಿನ್ನೆ ಓಡಿಹೋಗಿ ಬಸ್ಸು ಹಿಡಿದೆ’ ಎಂಬುದಕ್ಕೆ ‘ಐ ಕುಡ್ ಕ್ಯಾಚ್ ದ ಬಸ್’ ಎಂದರೆ ತಪ್ಪು. ‘ವಾಸ್ ಏಬಲ್ ಟು’ ಎನ್ನಬೇಕು. ಆದರೆ ‘ಐ ಕುಡ್ ಹಿಯರ್ ಸಮ್‌ಒನ್ ಅಟ್ ದ ಡೋರ್’ ಎಂಬುದು ಒಂದೇ ರಾತ್ರಿಯ ಮಾತಾದರೂ ನಿರ್ದುಷ್ಟ ವಾಕ್ಯ. ಸಾಮರ್ಥ್ಯವನ್ನು ಹೇಳುವ ‘ಕುಡ್’ಗೆ ಇರುವ ನಿರ್ಬಂಧ ಗ್ರಹಿಕೆಯ ಕ್ರಿಯಾಪದಗಳೊಡನೆ ಬರುವ ‘ಕುಡ್’ಗೆ ಇಲ್ಲ. ಇಂಗ್ಲಿಷ್ ವ್ಯಾಕರಣದ ಈ ಅಪವಾದವನ್ನು ಕನ್ನಡ ಅನುವಾದಕರು ತಿಳಿದಿರುವುದು ಅಗತ್ಯ.

ಕನ್ನಡಕ್ಕೆ ಇಂತಹ ತೆರವೇ ಇಲ್ಲ. ‘ಬೆಟ್ಟ ಕಾಣುತ್ತಿದೆ’, ‘ಸದ್ದು ಕೇಳಿಸುತ್ತಿದೆ’, ‘ವಾಸನೆ ಬರುತ್ತಿದೆ’ ಎಂಬ ರೂಪಗಳು ಸಹಜವಾಗಿಯೇ ಇವೆ. ಮೇಲಾಗಿ ಕನ್ನಡವು ಇಚ್ಛಾಪೂರ್ವಕ ಕ್ರಿಯೆಯನ್ನೂ ತಾನಾಗಿ ಒದಗುವ ಅನುಭವವನ್ನೂ ಬೇರೆ ಬೇರೆ ಧಾತುಗಳಲ್ಲಿ ಅಥವಾ ರೂಪಗಳಲ್ಲಿ ಇರಿಸಿದೆ: ‘ನೋಡು’ ಮತ್ತು ‘ಕಾಣು’, ‘ಕೇಳು’ ಮತ್ತು ‘ಕೇಳಿಸು’. ಓಕೆ ವಿಬೆರಿ 1983ರಲ್ಲಿ 53 ಭಾಷೆಗಳನ್ನು ಹೋಲಿಸಿ ಗ್ರಹಿಕೆಯ ಕ್ರಿಯಾಪದಗಳಲ್ಲಿ ಗುರುತಿಸಿದ ಕ್ರಿಯೆ, ಅನುಭವ, ತೋರಿಕೆ ಎಂಬ ವಿಂಗಡಣೆಗೆ ಕನ್ನಡ ಒಳ್ಳೆಯ ಉದಾಹರಣೆಯಾಗುತ್ತದೆ. ಅನುಭವದ ವಾಕ್ಯದಲ್ಲಿ ಮನುಷ್ಯನು ಕರ್ತೃವಾಗುವುದಿಲ್ಲ, ಚತುರ್ಥಿಗೆ ಸರಿಯುತ್ತಾನೆ. ‘ನನಗೆ ಹಡಗು ಕಾಣುತ್ತಿದೆ’ ಎಂಬಲ್ಲಿ ಕ್ರಿಯಾಪದ ಹೊಂದಿಕೊಳ್ಳುವುದು ಹಡಗಿನೊಡನೆ. ಎಷ್ಟೋ ವೇಳೆ ‘ನನಗೆ’ ಎಂಬುದೂ ಅನವಶ್ಯಕ. ದೂರದಿಂದ ತೇಲಿಬಂದ ಹಾಡನ್ನು ಕುರಿತು ಕನ್ನಡಿಗರು ‘ಎಲ್ಲಿಂದಲೋ ಹಾಡು ಕೇಳಿಬರುತ್ತಿತ್ತು’ ಎನ್ನುತ್ತಾರೆ. ‘ನಾನು ಹಾಡನ್ನು ಕೇಳಬಲ್ಲವನಾಗಿದ್ದೆ’ ಎಂಬುದು ಯಾರ ಬಾಯಲ್ಲೂ ಬರುವ ಮಾತಲ್ಲ.

ನಿಜವಾದ ಸಾಮರ್ಥ್ಯದ ಪ್ರಸಂಗದಲ್ಲೂ ಕನ್ನಡ ‘ಬಲ್ಲ’ದ ನೆರವನ್ನು ಬೇಡುವುದಿಲ್ಲ ಎಂಬುದು ಕುತೂಹಲಕರ. ‘ಅಜ್ಜಿಗೆ ಕಣ್ಣು ಕಾಣುವುದಿಲ್ಲ’, ‘ಅವರಿಗೆ ಎಡಗಿವಿ ಕೇಳಿಸುವುದಿಲ್ಲ’ ಎಂಬಲ್ಲಿ ಇಂದ್ರಿಯವೇ ವಾಕ್ಯದ ಮುನ್ನೆಲೆಗೆ ಬಂದು, ಶಕ್ತಿ–ಅಶಕ್ತಿಗಳು ಸಾಮಾನ್ಯ ಕ್ರಿಯಾರೂಪದಲ್ಲೇ ಅಡಗುತ್ತವೆ.

ನಿಷೇಧದಲ್ಲಿ ಅಪಾಯ ಇನ್ನಷ್ಟು ಹೆಚ್ಚು. ‘ನೋಡಲಾರೆ’, ‘ಕೇಳಲಾರೆ’ ಎಂಬ ರೂಪಗಳಿಗೆ ಕನ್ನಡದಲ್ಲಿ ಈಗಾಗಲೇ ಒಂದು ಭಾವಾರ್ಥ ಸಂದಿದೆ. ‘ಮಗುವಿನ ಸಂಕಟವನ್ನು ನೋಡಲಾರೆ’ ಎಂದರೆ ಕಣ್ಣಿಗೆ ಕಾಣುತ್ತಿಲ್ಲವೆಂದಲ್ಲ, ಕಾಣುತ್ತಿರುವುದನ್ನು ಸಹಿಸಲಾರೆನೆಂದು. ಮಂಜಿನಲ್ಲಿ ದಾರಿ ಕಾಣದೆ ನಿಂತ ಕಥಾಪಾತ್ರದ ‘ಐ ಕಾಂಟ್ ಸೀ ದ ರೋಡ್’ ಎಂಬ ಮಾತು ‘ನಾನು ರಸ್ತೆಯನ್ನು ನೋಡಲಾರೆ’ ಎಂದು ಮುದ್ರಣವಾದರೆ, ಆ ರಸ್ತೆಯಲ್ಲಿ ಏನೋ ಘೋರ ಸಂಭವಿಸಿದೆ ಎಂದು ಓದುಗರು ಭಾವಿಸಿದರೆ ಅವರ ತಪ್ಪಲ್ಲ.

‘ಮಸ್ಟ್’, ‘ಮೇ’ಗಳ ವಿಷಯ ಇಷ್ಟು ತೊಡಕಿನದಲ್ಲ. ‘ನೀವು ಈ ನಾಟಕ ನೋಡಲೇಬೇಕು’, ‘ಅವನು ನಮ್ಮನ್ನು ನೋಡಿರಬೇಕು’ ಎಂಬಲ್ಲಿ ವಿಧಿಯನ್ನೂ ಊಹೆಯನ್ನೂ ಕನ್ನಡದ ‘ಬೇಕು’ ನಿರಾಯಾಸವಾಗಿ ಹೊರುತ್ತದೆ.

ಹಾಗೆಂದು ಕನ್ನಡದ ವ್ಯವಸ್ಥೆ ಎಲ್ಲೆಡೆಯೂ ಏಕರೂಪದ್ದೆಂದು ಭಾವಿಸಲಾಗದು. ಹಳಗನ್ನಡ ಕಾವ್ಯಗಳಲ್ಲಿ ‘ಕಂಡಂ’ ಎಂಬ ಪ್ರಥಮಾ ಕರ್ತೃವಿನ ಪ್ರಯೋಗ ಹೇರಳ. ‘ಕಂಡೆ’ ಇಂದಿಗೂ ಬಳಕೆಯಲ್ಲಿದೆ. ಆದರೆ ‘ನಾನು ಚೆನ್ನಾಗಿ ಕಾಣುತ್ತೇನೆ’ ಎಂದರೆ ನೋಡುವವರು ಬೇರೆಯವರಾಗುತ್ತಾರೆ. ಕುಂದಾಪುರ ಕನ್ನಡದ ‘ಕಾಣಿ’ ಎಂಬುದಂತೂ ಶಿಷ್ಟಕನ್ನಡದ ‘ನೋಡಿ’ಯ ಸ್ಥಾನದಲ್ಲೇ ನಿಂತಿದೆ. ಈ ಪ್ರಾದೇಶಿಕ ಭೇದಗಳನ್ನು ಕ್ಷೇತ್ರಕಾರ್ಯದಿಂದ ಸಂಗ್ರಹಿಸಿ ವಿವರಿಸುವುದು, ‘ಕನ್ನಡದಲ್ಲಿ ಮೋಡಲ್‌ಗಳು ಎಷ್ಟು?’ ಎಂದು ಇಂಗ್ಲಿಷಿನ ಪಟ್ಟಿ ಹಿಡಿದು ಹುಡುಕುವುದಕ್ಕಿಂತ ಹೆಚ್ಚು ಫಲಕಾರಿ. ಸಂಸ್ಕೃತದ ಚೌಕಟ್ಟಿಗೆ ಕನ್ನಡವನ್ನು ಹೊಂದಿಸಿದ ವ್ಯಾಕರಣಗಳನ್ನು ಡಿ. ಎನ್. ಶಂಕರ ಬಟ್ ದೀರ್ಘಕಾಲ ಪ್ರಶ್ನಿಸಿದರು. ಅವರ ಆಕ್ಷೇಪವನ್ನು ಒಪ್ಪಿದವರೂ ಇಂಗ್ಲಿಷಿನ ಚೌಕಟ್ಟನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಿದಂತಿಲ್ಲ.

ಭಾಷೆ ಕೊಡುಕೊಳೆಯಿಂದಲೇ ಬೆಳೆಯುತ್ತದೆ, ‘ನೋಡಬಲ್ಲೆ’ ಎಂಬುದೂ ಒಂದು ದಿನ ರೂಢವಾಗುತ್ತದೆ ಎಂಬ ವಾದವಿದೆ. ಕನ್ನಡದಲ್ಲಿಲ್ಲದ ಅರ್ಥಚ್ಛಾಯೆಯೊಂದನ್ನು ತರುವುದಾಗಿದ್ದರೆ ಈ ವಾದಕ್ಕೆ ತೂಕವಿರುತ್ತಿತ್ತು. ಇಲ್ಲಿ ಆಗುತ್ತಿರುವುದು ಇರುವ ಭೇದವೊಂದರ ನಷ್ಟ. ಸಮಾಂತರ ಪಠ್ಯಗಳಿಂದ ಕಲಿಯುವ ಯಂತ್ರಾನುವಾದದ ಈ ಕಾಲದಲ್ಲಿ ಇಂದಿನ ಕೆಟ್ಟ ಅನುವಾದವೇ ನಾಳಿನ ಮಾದರಿಯಾಗುವ ಸಂಭವವೂ ಇದೆ.

ಅನುವಾದಕರನ್ನು ಮಾತ್ರ ದೂರಿ ಸುಮ್ಮನಾಗುವಂತಿಲ್ಲ. ಕನ್ನಡ ಸಂಶೋಧನ ಬರಹಗಳಲ್ಲಿ ‘ಕಾಣಬಹುದು’, ‘ನೋಡಬಹುದಾಗಿದೆ’, ‘ಗುರುತಿಸಬಹುದಾಗಿದೆ’ ಎಂಬ ಪ್ರಯೋಗಗಳು ಪುಟಪುಟದಲ್ಲೂ ಇವೆ. ಇವುಗಳ ಹಿಂದೆ ಇಂಗ್ಲಿಷಿನ ‘ಕ್ಯಾನ್ ಬಿ ಸೀನ್’ ಇರುವ ಸಾಧ್ಯತೆ ಹೆಚ್ಚು. ‘ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನು ನೋಡಬಹುದು’ ಎಂಬುದು ಸಾಧುವಾದ ವಾಕ್ಯ. ಅಲ್ಲಿ ನೋಡುವವರಿಗೊಂದು ಅವಕಾಶವನ್ನು ಹೇಳಲಾಗಿದೆ. ‘ವಚನಗಳಲ್ಲಿ ಜಾತಿವಿರೋಧವನ್ನು ಕಾಣಬಹುದು’ ಎಂಬುದು ಅಂತಹದಲ್ಲ. ಕನ್ನಡದ ‘ಬಹುದು’ ಅವಕಾಶದ ಜೊತೆಗೆ ಸಂಶಯವನ್ನೂ ಸೂಚಿಸುತ್ತದೆ. ‘ಮಳೆ ಬರಬಹುದು’ ಎಂದರೆ ಬಾರದೆಯೂ ಇರಬಹುದು. ಜಾತಿವಿರೋಧ ಅಲ್ಲಿ ಇದೆಯೇ, ಇರಬಹುದೇ, ಅಥವಾ ಹುಡುಕಿದವರಿಗೆ ಮಾತ್ರ ದೊರೆಯುವಂಥದೇ ಎಂಬುದು ಆ ವಾಕ್ಯದಿಂದ ತಿಳಿಯುವುದಿಲ್ಲ. ಮೌಖಿಕ ಪರೀಕ್ಷೆಯವರೆಗೆ ಕಾಯದೆ, ಪ್ರಬಂಧ ಕರಡಿನಲ್ಲಿರುವಾಗಲೇ ಮಾರ್ಗದರ್ಶಕರು ಈ ಪ್ರಶ್ನೆಯನ್ನು ಅಂಚಿನಲ್ಲಿ ಬರೆಯುವುದು ಮೇಲು.