ಲೆನ್ಸ್ ಅವರಿಗೆ ಬೇಕು, ಕಂತು ನಮಗ್ಯಾಕ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಸ್ಟ್ರಿಂಗರ್‌ಗಳು ನಾಲ್ಕು ಜನ ಸೇರಿದರೆ ಈಗ ಒಂದೇ ಮಾತು: "2.8 ಲೆನ್ಸ್ ತಗೋರಿ. ಇಲ್ಲಂದ್ರ ರಾತ್ರಿ ಫೋಟೊ ಡೆಸ್ಕಿನವರು ಹಾಕಂಗಿಲ್ಲ." ಡೆಸ್ಕಿನವರು ಹೇಳ್ತಾರೆ, ಕ್ಯಾಮೆರಾ ಅಂಗಡಿಯವರು ಹೇಳ್ತಾರೆ, ಯೂಟ್ಯೂಬ್ ಅಂತೂ ದಿನಾ ಹೇಳ್ತದೆ. ಕೇಳಿ ಕೇಳಿ ನಮ್ಮಲ್ಲೇ ಕೆಲವರು ಕಂತಿನ ಲೆಕ್ಕ ಹಾಕಲು ಕುಳಿತಿದ್ದಾರೆ.

ನಾವು ನೇರವಾಗಿ ಹೇಳುತ್ತೇವೆ. ಸುದ್ದಿ ಫೋಟೊದ ದುಡ್ಡು ನಂಬಿ ಈ ಲೆನ್ಸಿಗೆ ಸಾಲ ಮಾಡಬೇಡಿ. ಅಂಥ ಫೋಟೊ ಬೇಕು ಅನ್ನುವವರು ಲೆನ್ಸಿನ ಖರ್ಚು ಹೊರಲಿ. ಓದುಗರೇ, ಇದು ಪತ್ರಕರ್ತರ ಜೇಬಿನ ಜಗಳ ಎಂದು ಮೊಬೈಲ್ ಕೆಳಗಿಡಬೇಡಿ. ನಿಮ್ಮೂರಿನ ಸುದ್ದಿ ಪೇಪರಿಗೆ ಬರುತ್ತದೋ ಇಲ್ಲವೋ ಎಂಬುದೂ ಇದರಲ್ಲೇ ಇದೆ.

ಏನಿದು 2.8?

70-200 ಎಂಎಂ ಜೂಮ್ ಅಂದರೆ ದೂರದ್ದನ್ನು ಹತ್ತಿರ ಎಳೆದು ತೋರಿಸುವ ಲೆನ್ಸ್. 2.8 ಎಂಬುದು ಅದರ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬ ಲೆಕ್ಕ. ಅಂಕಿ ಸಣ್ಣದಾದಷ್ಟೂ ಬಾಯಿ ದೊಡ್ಡದು. 200 ಅನ್ನು 2.8ರಿಂದ ಭಾಗಿಸಿ, ಸುಮಾರು 71 ಮಿಲಿಮೀಟರ್ ಬರುತ್ತದೆ. ಅಗ್ಗದ ಜೂಮ್‌ಗಳು ಪೂರ್ತಿ ಎಳೆದಾಗ 5.6ಕ್ಕೆ ಇಳಿಯುತ್ತವೆ. 200 ಅನ್ನು 5.6ರಿಂದ ಭಾಗಿಸಿದರೆ ಸುಮಾರು 36 ಮಿಲಿಮೀಟರ್. ಅಗಲ ಎರಡು ಪಟ್ಟಾದರೆ ಒಳಬರುವ ಬೆಳಕು ನಾಲ್ಕು ಪಟ್ಟು. ಅಷ್ಟು ದೊಡ್ಡ ಗಾಜು ಬೇಕಾಗುವುದರಿಂದಲೇ ಬೆಲೆಯೂ ತೂಕವೂ ಏರುತ್ತವೆ. 2010ರಲ್ಲಿ ಬಂದ ಕ್ಯಾನನ್ 70-200 2.8 ಲೆನ್ಸಿನ ತೂಕ 1490 ಗ್ರಾಂ. ನಮ್ಮಲ್ಲಿ ಹಲವರ ಬಳಿ ಇರುವ 55-250 ಎಂಎಂ ಲೆನ್ಸ್ 375 ಗ್ರಾಂ.

ನಾಲ್ಕು ಪಟ್ಟು ಬೆಳಕಿನ ಲಾಭ ಸುಳ್ಳಲ್ಲ. ದೀಪದ ಬೆಳಕಿನಲ್ಲಿ ಕುಸ್ತಿ ನಡೆದಿದೆ ಅನ್ನಿ. 5.6ರಲ್ಲಿ ಸೆಕೆಂಡಿನ 125ನೇ ಒಂದು ಭಾಗ ಶಟರ್ ತೆರೆದಿಟ್ಟರೆ ಪೈಲ್ವಾನರ ಕೈಕಾಲು ಕಲಸಿಹೋಗುತ್ತದೆ. 2.8ರಲ್ಲಿ ಅದೇ ಬೆಳಕಿಗೆ 500ನೇ ಒಂದು ಭಾಗ ಸಾಕು, ಪಟ್ಟು ಹಾಕಿದ್ದು ಹಾಕಿದಂಗೇ ನಿಲ್ಲುತ್ತದೆ. "ಲೆನ್ಸಿನಾಗ ಅಲುಗಾಟ ತಡೆಯೋದು ಇರ್ತದಲ್ರಿ" ಅಂತ ಕೇಳುವವರಿದ್ದಾರೆ. ಅದು ನಮ್ಮ ಕೈ ನಡುಕ ತಡೆಯುತ್ತದೆ, ಪೈಲ್ವಾನನ ಕಾಲು ಹಿಡಿದು ನಿಲ್ಲಿಸುವುದಿಲ್ಲ.

ಹಾಗಾಗಿ ಲೆನ್ಸ್ ಒಳ್ಳೆಯದೇ. ನಮ್ಮ ತಕರಾರು ಅದನ್ನು ಯಾರ ದುಡ್ಡಿನಲ್ಲಿ ತರಬೇಕು ಎಂಬುದಕ್ಕೆ.

ವರ್ಷಕ್ಕೆ ಎಷ್ಟು ರಾತ್ರಿ?

ನಮ್ಮ ಎರಡು ತಾಲ್ಲೂಕಿನಲ್ಲಿ ಇಂಥ ಲೆನ್ಸ್ ನಿಜವಾಗಿ ಬೇಕಾಗುವ ದಿನ ಎಣಿಸಿ. ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಮಾಣಿಕನಗರದ ಸಂಗೀತ ದರ್ಬಾರು. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಹೊನಲು ಬೆಳಕಿನ ಒಂದೆರಡು ಕಬಡ್ಡಿ ಪಂದ್ಯ. ಸಂಜೆ ಮೇಲೆ ನಡೆಯುವ ಕೆಲವು ಸಭೆ.

ಉಳಿದದ್ದೆಲ್ಲ ಹಗಲು. 2021ರ ಏಪ್ರಿಲ್ 17ರಂದು ಬಸವಕಲ್ಯಾಣ ಉಪಚುನಾವಣೆಯ ಮತದಾನ ನಡೆಯಿತು. ಏಪ್ರಿಲ್ ಬಿಸಿಲು ಹೆಂಗಿರ್ತದೆ ನಿಮಗೆ ಗೊತ್ತು. ಆ ಬೆಳಕಿನಲ್ಲಿ ಯಾವ ಲೆನ್ಸ್ ಆದರೂ 8ಕ್ಕೆ ಇಳಿಸಿಯೇ ಹೊಡೆಯಬಹುದು. ನೀರು ನಿಂತ ಸೋಯಾಬೀನ್ ಹೊಲ, ಸೋರುವ ಶಾಲೆಯ ಚಾವಣಿ, ಉದ್ಯೋಗ ಖಾತ್ರಿ ಕೆಲಸದ ಜಾಗ, ಕೊಡ ಹಿಡಿದು ಟ್ಯಾಂಕರ್ ಕಾಯುವ ಸಾಲು: ಇವಕ್ಕೆ ದೂರ ಎಳೆಯುವ ಲೆನ್ಸೇ ಬೇಡ. ಬೇಕಾದದ್ದು ಬೈಕಿಗೆ ಪೆಟ್ರೋಲು.

ಈಗ ದುಡ್ಡು. ದೊಡ್ಡ ಕಂಪನಿಯ ಹೊಸ ಲೆನ್ಸ್ ಲಕ್ಷ ದಾಟುತ್ತದೆ, ಕೆಲವು ಎರಡು ಲಕ್ಷವನ್ನೂ ದಾಟುತ್ತವೆ. ಲೆಕ್ಕಕ್ಕೆ 1,80,000 ಅಂತ ಹಿಡಿಯೋಣ. ಒಂದು ಫೋಟೊಗೆ 150 ರೂಪಾಯಿ ಕೊಡುತ್ತಾರೆ ಅನ್ನೋಣ. ಅಸಲು ತೀರಲು 1200 ಫೋಟೊ ಅಚ್ಚಾಗಬೇಕು. ಈ ಲೆನ್ಸಿನದೇ ತಿಂಗಳಿಗೆ 10 ಫೋಟೊ ಬಂದರೂ 10 ವರ್ಷ. ಬಡ್ಡಿ ಬೇರೆ. ಫೋಟೊಗೆ ದುಡ್ಡೇ ಕೊಡದ ಕಡೆ ಲೆಕ್ಕ ಹಾಕುವ ಕೆಲಸವೂ ಇಲ್ಲ.

ನಿಮ್ಮ ಮೊಬೈಲ್ ಏನು ಹೇಳುತ್ತದೆ?

ನೀವು ಇದನ್ನು ಓದುತ್ತಿರುವ ಮೊಬೈಲ್ ಪರದೆಯ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಅಗಲ 6000. ಅದರ ನಡುವಿನ ಅರ್ಧ ಅಗಲ ಕತ್ತರಿಸಿಕೊಂಡರೂ 3000 ಉಳಿಯುತ್ತದೆ, ನಿಮ್ಮ ಪರದೆಗೆ ಹೆಚ್ಚೂಕಡಿಮೆ ಮೂರು ಪಟ್ಟು. ಅಂದರೆ 200 ಎಂಎಂನಲ್ಲಿ ತೆಗೆದದ್ದು 400 ಎಂಎಂನಲ್ಲಿ ತೆಗೆದಷ್ಟು ಹತ್ತಿರ ಕಾಣುತ್ತದೆ, ಪುಕ್ಕಟೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊವನ್ನು ಅದು ಹೇಗೂ ಕುಗ್ಗಿಸಿಯೇ ಕೊಡುತ್ತದೆ.

ಕತ್ತಲಲ್ಲಿ ಐಎಸ್ಒ 6400ಕ್ಕೆ ಏರಿಸಿದರೆ ಫೋಟೊದಲ್ಲಿ ಕಾಳು ಕಾಳು ಬರುತ್ತದೆ, ನಿಜ. ಆದರೆ ಪೇಪರಿನಲ್ಲಿ ಆ ಫೋಟೊ ಎರಡು ಕಾಲಂ, ಅಂಗೈ ಅಗಲ. ಪೇಪರಿನ ಮುದ್ರಣವೇ ಚುಕ್ಕೆಗಳದ್ದು. ಕಾಳು ಇದೆ ಎಂದು ಜಾತ್ರೆಯ ಫೋಟೊ ಬಿಟ್ಟು, ಅದೇ ಜಾಗದಲ್ಲಿ ಮುಖಂಡರೊಬ್ಬರ ಹುಟ್ಟುಹಬ್ಬದ ಮಸುಕು ಫೋಟೊ ಹಾಕಿದ್ದನ್ನು ನಾವು ನೋಡಿದ್ದೇವೆ. ಆಗ ಯಾರಿಗೂ ಲೆನ್ಸ್ ನೆನಪಾಗಲಿಲ್ಲ.

ನೌಕರರಲ್ಲ ಅಂದ್ರೆ ಫೋಟೊ ಯಾರದು?

ಪತ್ರಿಕೆಗಳು ಸಂಬಳದ ಫೋಟೊಗ್ರಾಫರ್‌ಗಳಿಗೆ ಸಾಮಾನ್ಯವಾಗಿ ಕಚೇರಿಯದೇ ಕ್ಯಾಮೆರಾ, ಲೆನ್ಸ್ ಕೊಡುತ್ತವೆ. ತಾಲ್ಲೂಕಿನವನಿಗೆ ಮಾತ್ರ ಎಲ್ಲವೂ ಸ್ವಂತದ್ದು. ಕ್ಯಾಮೆರಾ, ಬೈಕು, ನೆಟ್ ಪ್ಯಾಕ್ ಎಲ್ಲ ನಮ್ಮವೇ.

1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ನ್ಯೂಸ್ ಫೋಟೊಗ್ರಾಫರ್‌ನನ್ನೂ ಪತ್ರಕರ್ತ ಎಂದೇ ಎಣಿಸಿತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸಿಗೆ 2011ರ ನವೆಂಬರ್ 11ರಂದು ಅಧಿಸೂಚನೆ ಹೊರಟಿತು. 2014ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಮಾತು ತೆಗೆದರೆ ನಮಗೆ ಸಿಗುವ ಉತ್ತರ ಒಂದೇ: "ನೀವು ನಮ್ಮ ನೌಕರರಲ್ಲ."

ಆಯ್ತು, ಒಪ್ಪಿದೆವು. ಹಾಗಾದರೆ 1957ರ ಹಕ್ಕುಸ್ವಾಮ್ಯ ಕಾಯ್ದೆ ತೆಗೆಯಿರಿ. ಬೇರೆ ಕರಾರು ಇಲ್ಲದಿದ್ದರೆ, ಪತ್ರಿಕೆಯ ನೌಕರ ಕೆಲಸದ ಭಾಗವಾಗಿ ತೆಗೆದ ಫೋಟೊವನ್ನು ಪ್ರಕಟಿಸುವ ಹಕ್ಕು ಮಾಲೀಕರದು. ಯಾರಾದರೂ ದುಡ್ಡು ಕೊಟ್ಟು ತೆಗೆಸಿದರೆ ಹಕ್ಕು ತೆಗೆಸಿದವರದು. ಇವೆರಡೂ ಅಲ್ಲದೆ ನಾವೇ ಹೋಗಿ, ನಮ್ಮ ಕ್ಯಾಮೆರಾದಲ್ಲಿ ತೆಗೆದ ಫೋಟೊದ ಮೊದಲ ಹಕ್ಕುದಾರರು ನಾವೇ. ತೆಗೆದವರು ತಾವೆಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 57ನೇ ಕಲಂ ಕೊಟ್ಟಿದೆ. ಸಂಬಳ ಕೊಡುವಾಗ ಹೊರಗಿನವರು, ಫೋಟೊ ತಗೊಳ್ಳುವಾಗ ಮನೆಯವರು: ಈ ಆಟ ನಡೆಯಬಾರದು.

ಕಂತು ಸುದ್ದಿ ಆರಿಸುತ್ತದೆ

ಓದುಗರಿಗೆ ಸಂಬಂಧಪಟ್ಟದ್ದು ಇಲ್ಲಿದೆ. ಸುದ್ದಿಯ ದುಡ್ಡಿನಲ್ಲಿ ಕಂತು ತೀರದಿದ್ದರೆ ಅದು ಬೇರೆ ಕಡೆಯಿಂದ ತೀರಬೇಕು. ಮೊದಲ ದಾರಿ ಮದುವೆ. ಮದುವೆ ಫೋಟೊ ಮರ್ಯಾದೆಯ ದುಡಿಮೆ, ಸ್ಟುಡಿಯೊ ಇದ್ದು ವರ್ಷಪೂರ್ತಿ ಮದುವೆ ಆರ್ಡರ್ ಇರುವವರು ಈ ಲೆನ್ಸ್ ಧಾರಾಳವಾಗಿ ತಗೊಳ್ಳಲಿ. ಅವರಿಗೆ ಅದು ಬಂಡವಾಳ. ಆದರೆ ಒಳ್ಳೆ ಮುಹೂರ್ತದ ದಿನವೇ ನಿಮ್ಮೂರಲ್ಲಿ ಗ್ರಾಮಸಭೆ ಇಟ್ಟರೆ, ಕಂತು ಬಾಕಿ ಇರುವ ವರದಿಗಾರ ಎಲ್ಲಿಗೆ ಹೋಗುತ್ತಾನೆ? ಮದುವೆ ಮಂಟಪಕ್ಕೆ.

ಎರಡನೇ ದಾರಿ ಇನ್ನೂ ಕೆಟ್ಟದು. ಮುಖಂಡರ ಕಾರ್ಯಕ್ರಮಕ್ಕೆ ದುಡ್ಡು ತಗೊಂಡು ಫೋಟೊ ತೆಗೆಯುವುದು. ಈ ತಿಂಗಳ ಕಂತು ಗುತ್ತಿಗೆದಾರರ ಜೇಬಿನಿಂದ ಬಂದರೆ, ಮುಂದಿನ ತಿಂಗಳು ಅವರು ಹಾಕಿದ ರಸ್ತೆ ಕಿತ್ತುಹೋದಾಗ ಆ ಫೋಟೊ ತೆಗೆಯುವವರು ಯಾರು? ಲಕ್ಷದ ಲೆನ್ಸ್ ಕುತ್ತಿಗೆಗೆ ಬಿದ್ದಿರುತ್ತದೆ, ರಸ್ತೆಯ ಗುಂಡಿ ಮಾತ್ರ ಅದಕ್ಕೆ ಕಾಣುವುದಿಲ್ಲ.

ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ತಂದಲ್ಲೇ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಲ್ಯಾಣ ಇದು. ಬೇಕಾದಕ್ಕಿಂತ ಹೆಚ್ಚಿನದು ಹೊರೆ ಎಂಬುದನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಿಲ್ಲ. ಹಾಗಂತ ಕಾಯಕದ ಹೆಸರಲ್ಲಿ ಪುಕ್ಕಟೆ ದುಡಿಸಿಕೊಳ್ಳಿ ಎಂದು ಯಾವ ಶರಣರೂ ಹೇಳಲಿಲ್ಲ.

ಹಾಗಾದರೆ ಏನು ಮಾಡೋಣ?

ಮೊದಲು, 50 ಎಂಎಂ 1.8 ಲೆನ್ಸ್. ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. 2.8ಕ್ಕಿಂತ ಎರಡು ಪಟ್ಟಿಗೂ ಹೆಚ್ಚು, 5.6ಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ತಗೊಳ್ಳುತ್ತದೆ. ಜೂಮ್ ಇಲ್ಲ, ಕಾಲೇ ಜೂಮ್. ಬೆಂಗಳೂರಿನಿಂದ ಬಂದವರಿಗೆ ನಮ್ಮ ಜಾತ್ರೆಯಲ್ಲಿ ದೂರದ ಲೆನ್ಸ್ ಬೇಕು, ಅವರಿಗೆ ಯಾರೂ ದಾರಿ ಬಿಡುವುದಿಲ್ಲ. ನಮಗೆ "ಬಾರೋ ತಮ್ಮಾ, ಇಲ್ಲಿ ನಿಂದ್ರು" ಅನ್ನುವ ಹಿರಿಯರಿದ್ದಾರೆ. ಹತ್ತಿರ ಹೋಗಲು ಸಾಧ್ಯವಾಗುವುದೇ ನಮ್ಮ ಆಸ್ತಿ.

ಎರಡು, ಬಾಡಿಗೆ. ಹೈದರಾಬಾದಿನಲ್ಲಿ ಇಂಥ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ, ಹುಮನಾಬಾದಿನಿಂದ ಹೆದ್ದಾರಿ 65 ಹಿಡಿದರೆ ನೇರ ದಾರಿ. ಡೆಸ್ಕು "ರಾತ್ರಿ ಫೋಟೊ ಬೇಕೇ ಬೇಕು" ಅಂದರೆ ಬಾಡಿಗೆ ಡೆಸ್ಕಿನದು. ಅದನ್ನು ಹೋಗುವ ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಮೂರು, ಐದಾರು ಜನ ಕೂಡಿ ಒಂದು ಸೆಕೆಂಡ್ ಹ್ಯಾಂಡ್. ಕೊಳ್ಳುವಾಗ ಲೆನ್ಸಿನೊಳಗೆ ಟಾರ್ಚ್ ಹಿಡಿದು ಬೂಷ್ಟು ಬಂದಿದೆಯಾ ನೋಡಿ. ಯಾರ ಬಳಿ ಯಾವ ದಿನ ಇರಬೇಕು, ಕೆಟ್ಟರೆ ಖರ್ಚು ಹೇಗೆ ಹಂಚಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಪತ್ರಿಕೆಯವರಿಗೆ ನಮ್ಮ ಬೇಡಿಕೆಯೂ ಮೂರೇ. ಫೋಟೊಗೆ ವರದಿಯಿಂದ ಬೇರೆ ದರ ಕೊಡಿ. ಕಳಿಸಿದ ಕೆಲಸಕ್ಕೆ ಲೆನ್ಸ್ ಬಾಡಿಗೆ ಕೊಡಿ. ಫೋಟೊ ಕೆಳಗೆ ತೆಗೆದವರ ಹೆಸರು ಹಾಕಿ.

ಓದುಗರಿಗೂ ಒಂದು ಕೆಲಸ ಇದೆ. ನಾಳೆ ಪೇಪರಿನಲ್ಲಿ ನಿಮ್ಮೂರ ಫೋಟೊ ಬಂದರೆ ಕೆಳಗೆ ಹೆಸರು ಇದೆಯಾ ನೋಡಿ. ಇರದಿದ್ದರೆ ಪತ್ರಿಕೆಯ ಕಚೇರಿಗೆ ಒಂದು ಫೋನ್ ಮಾಡಿ, "ಈ ಫೋಟೊ ತೆಗೆದವರು ಯಾರ್ರೀ?" ಅಂತ ಕೇಳಿ. ನಾವು ನೂರು ಸಲ ಕೇಳಿದರೂ ಸಿಗದ ಉತ್ತರ, ಪೇಪರ್ ಕೊಳ್ಳುವ ಹತ್ತು ಜನ ಕೇಳಿದರೆ ಸಿಕ್ಕೀತು.