ನಗಿಸಿದ ಮಾತ್ರಕ್ಕೆ ಮದುವೆಗೆ ಅವಮಾನವೇ?

ದಾಂಪತ್ಯದ್ರೋಹವನ್ನು ನಗೆಯ ವಸ್ತುವಾಗಿಸುವ ಸಿನಿಮಾಗಳ ಬಗ್ಗೆ ಅನೇಕರಿಗೆ ಅಸಮಾಧಾನವಿದೆ. ಮನೆಯೊಂದು ಮುರಿಯುವಾಗ ನಗುವುದೆಂತು, ನಕ್ಕರೆ ತಪ್ಪೇ ಹಗುರವಾಗಿಬಿಡುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಈ ಆತಂಕದ ಹಿಂದೆ ಮದುವೆಯ ಬಗ್ಗೆ ನಿಜವಾದ ಗೌರವವಿದೆ. ಬರೀ ಮಡಿವಂತಿಕೆಯೆಂದು ಅದನ್ನು ತಳ್ಳಿಹಾಕಲಾಗದು. ಆದರೂ ಪಿಯೆತ್ರೊ ಜೆರ್ಮಿ ನಿರ್ದೇಶಿಸಿದ ಇಟಲಿಯ ‘ಡಿವೋರ್ಸ್ ಇಟಾಲಿಯನ್ ಸ್ಟೈಲ್’ (1961) ಚಿತ್ರವನ್ನು ಮುಂದಿಟ್ಟುಕೊಂಡು ನಾನು ಬೇರೆಯದೇ ಮಾತು ಹೇಳಬಯಸುತ್ತೇನೆ.

ಸಿಸಿಲಿಯ ಸಣ್ಣ ಊರೊಂದರಲ್ಲಿ ಆಸ್ತಿ ಕರಗಿದ ಕುಲೀನ ಮನೆತನದ ಬ್ಯಾರನ್ ಫೆರ್ಡಿನಾಂಡೊ. ಆ ಪಾತ್ರದಲ್ಲಿ ಮಾರ್ಚೆಲ್ಲೊ ಮಾಸ್ತ್ರೊಯಾನ್ನಿ ಇದ್ದಾರೆ. ಹೆಂಡತಿ ರೊಸಾಲಿಯಾಗೆ ಗಂಡನೇ ಪ್ರಪಂಚ. ಗಂಡನಿಗೋ ಹದಿಹರೆಯದ ಬಂಧು ಆಂಜೆಲಾಳ ಮೇಲೆ ಮನಸ್ಸು. ಇಟಲಿಯಲ್ಲಿ ಆಗ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಆದರೆ ದಂಡಸಂಹಿತೆಯಲ್ಲಿ 587ನೇ ವಿಧಿಯಿತ್ತು. ಸಂಗಾತಿಯ, ಮಗಳ ಅಥವಾ ಸೋದರಿಯ ಅಕ್ರಮ ಸಂಬಂಧ ಕಣ್ಣಿಗೆ ಬಿದ್ದ ಸಿಟ್ಟಿನಲ್ಲಿ, ಮನೆತನದ ಮಾನಕ್ಕಾಗಿ ಕೊಂದವರಿಗೆ 3ರಿಂದ 7 ವರ್ಷಗಳ ಸೆರೆ ಮಾತ್ರ. ಬ್ಯಾರನ್ ಲೆಕ್ಕ ಹಾಕುತ್ತಾನೆ: ಬಿಡುವುದು ಅಸಾಧ್ಯ, ಕೊಲ್ಲುವುದು ಸಲೀಸು. ಹೆಂಡತಿಯ ಹಳೆಯ ಪರಿಚಯದ ಚಿತ್ರಕಾರನನ್ನು ಮನೆಗೆ ಕರೆಸಿ, ಟೇಪ್ ರೆಕಾರ್ಡರ್ ಬಚ್ಚಿಟ್ಟು, ಅವಳು ಜಾರುವುದನ್ನೇ ಕಾಯುತ್ತಾನೆ.

ಇಲ್ಲಿ ಮೊದಲು ದ್ರೋಹ ಬಗೆದವನು ಗಂಡ. ಅದಕ್ಕೆ ಊರು ತಲೆಕೆಡಿಸಿಕೊಳ್ಳುವುದಿಲ್ಲ. ಹೆಂಡತಿ ಓಡಿಹೋದ ಮೇಲಷ್ಟೇ ಊರಿನ ತಾತ್ಸಾರ ಶುರುವಾಗುತ್ತದೆ. ಅವನು ಅವಳನ್ನು ಗುಂಡಿಟ್ಟು ಕೊಂದ ಮೇಲೆ ಮತ್ತೆ ಮರ್ಯಾದೆ! ಹಾಗಿರುವಾಗ ಚಿತ್ರ ಗೇಲಿ ಮಾಡುವುದು ಮದುವೆಯನ್ನೇ? ನನಗೆ ಹಾಗೆನಿಸುವುದಿಲ್ಲ. ನಿಷ್ಠೆಯನ್ನು ಹೆಂಡತಿಯೊಬ್ಬಳ ಹೊಣೆಯಾಗಿಸಿ, ಕೊಲೆಯನ್ನು ಗಂಡಸಿನ ಘನತೆಯಾಗಿಸಿದ ಸಮಾಜವನ್ನು ಅದು ಗೇಲಿ ಮಾಡುತ್ತದೆ.

ಇದನ್ನು ಗಂಭೀರವಾಗಿಯೇ ಹೇಳಬಹುದಿತ್ತಲ್ಲ ಎನ್ನಬಹುದು. ಅಲ್ಲೊಂದು ಅಪಾಯವಿದೆ. ಮಾನಕ್ಕಾಗಿ ಕೊಲ್ಲುವವನನ್ನು ಗಂಭೀರವಾಗಿ ತೋರಿಸಿದರೆ ಅವನ ಸಂಕಟಕ್ಕೆ ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಅವನು ದುರಂತ ನಾಯಕನಾಗಿಬಿಡುತ್ತಾನೆ. ಜೆರ್ಮಿಯ ಬ್ಯಾರನ್ ಆದರೋ ಕೊಲೆಗೆ ಮುಂಚೆಯೇ ತನ್ನ ವಕೀಲರ ಭಾಷಣವನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ಸುಖಿಸುತ್ತಾನೆ. ನಗುತ್ತಿದ್ದಂತೆ ಆ ಸಿಟ್ಟು, ಆ ಮಾನ ಎಲ್ಲವೂ ಮೊದಲೇ ಹೆಣೆದ ನಾಟಕವೆಂದು ನಮಗೆ ತಿಳಿದುಬಿಡುತ್ತದೆ. ಕೊಲೆಗಾರನಿಗೆ ಸಿಗಬಹುದಾಗಿದ್ದ ಸಹಾನುಭೂತಿಯನ್ನು ಕಿತ್ತುಕೊಳ್ಳುವುದು ಆ ನಗೆಯೇ. ಈ ಚಿತ್ರಕಥೆಗೆ ಆಸ್ಕರ್ ಸಂದಿದ್ದು ನ್ಯಾಯವೇ.

ಆಕ್ಷೇಪಿಸುವವರ ಒಂದು ಮಾತನ್ನು ಒಪ್ಪಲೇಬೇಕು. ರೊಸಾಲಿಯಾಳನ್ನು ಚಿತ್ರ ಬಹುಪಾಲು ನಗೆಪಾಟಲಾಗಿಸಿದೆ. ಸತ್ತವಳ ನೋವಿಗೆ ಅಲ್ಲಿ ಸಿಕ್ಕ ಜಾಗ ಸಾಲದು.

ಈ ಪ್ರಶ್ನೆ ನಮಗೂ ಹೊರಗಿನದಲ್ಲ. 1860ರ ಭಾರತೀಯ ದಂಡಸಂಹಿತೆಯ 497ನೇ ಕಲಮಿನ ಪ್ರಕಾರ ಪರಪತ್ನಿಯ ಸಂಗ ಮಾಡಿದ ಗಂಡಸು ಅಪರಾಧಿ; ಅವಳ ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿದಾಗ, ಮದುವೆಯ ಕಾವಲೇ ಹೋಯಿತೆಂದು ಮರುಗಿದವರಿದ್ದರು. ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ಆ ಕಲಮು ಕಾಯುತ್ತಿದ್ದುದು ಗಂಡನ ಒಡೆತನವನ್ನು. ದಾಂಪತ್ಯದ ನಂಬಿಕೆಯನ್ನು ಅದು ಕಾಯುತ್ತಿದ್ದರೆ, ಗಂಡ ದಾರಿ ತಪ್ಪಿದಾಗ ಹೆಂಡತಿಗೆ ದೂರು ಕೊಡುವ ಹಕ್ಕನ್ನೂ ಕೊಡುತ್ತಿತ್ತು.

ಇಟಲಿಗೆ ವಿಚ್ಛೇದನ ಕಾನೂನು ಬಂದಿದ್ದು 1970ರಲ್ಲಿ. 1974ರ ಜನಮತಗಣನೆಯಲ್ಲಿ ಶೇ 59ರಷ್ಟು ಮಂದಿ ಅದು ಉಳಿಯಲಿ ಎಂದರು. 587ನೇ ವಿಧಿ ಹೋಗಿದ್ದು ಮಾತ್ರ 1981ರಲ್ಲಿ. ಬೇರೆಯಾಗುವ ಹಕ್ಕು ಸಿಕ್ಕಿ ಹನ್ನೊಂದು ವರ್ಷವಾದರೂ ಕೊಂದವನಿಗೆ ರಿಯಾಯಿತಿ ಉಳಿದೇ ಇತ್ತು. ಕಾನೂನು ಬದಲಾದಷ್ಟು ಬೇಗ ಮಾನದ ಕಲ್ಪನೆ ಬದಲಾಗುವುದಿಲ್ಲ.

ಚಿತ್ರದ ಕೊನೆಗೆ ಆಂಜೆಲಾ ಬ್ಯಾರನ್ನನ ಹೆಂಡತಿಯಾಗಿದ್ದಾಳೆ. ದೋಣಿಯಲ್ಲಿ ಅವನ ಪಕ್ಕದಲ್ಲಿದ್ದೇ ಅವಳ ಪಾದ ಯುವ ನಾವಿಕನ ಪಾದವನ್ನು ಸವರುತ್ತದೆ. ಮದುವೆಯೇ ಸುಳ್ಳೆಂದು ಈ ದೃಶ್ಯ ಹೇಳುತ್ತದೆಂದು ಓದುವವರಿದ್ದಾರೆ. ನಿಷ್ಠೆಯನ್ನು ಬಂದೂಕಿನಿಂದ ಗಳಿಸಬಹುದೆಂದುಕೊಂಡವನಿಗೆ ಸಿಕ್ಕ ಉತ್ತರ ಅದೆಂದು ನಾನು ಓದುತ್ತೇನೆ. ಹೊರಟುಹೋಗುವ ಸ್ವಾತಂತ್ರ್ಯವಿದ್ದೂ ಉಳಿದವರ ನಿಷ್ಠೆಗಷ್ಟೇ ಬೆಲೆಯಿದೆ. ಆದ್ದರಿಂದ ಮದುವೆಯನ್ನು ಗೌರವಿಸುವವರು ಹೆದರಬೇಕಾದದ್ದು ಇಂಥ ಚಿತ್ರಗಳಿಗಲ್ಲ, ಬಿಟ್ಟುಹೋದವಳು ಬದುಕಿ ಉಳಿಯಬಾರದು ಎನ್ನುವ ಮನಸ್ಸಿಗೆ.