ಹಳೆಯ ಯಂತ್ರವೆಂಬ ಒರೆಗಲ್ಲು

1982ರಲ್ಲಿ ಬಂದ ಕಮೋಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗೆ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ‘ಗ್ರೆಪ್’ ತಂತ್ರಾಂಶವನ್ನು ಅಳವಡಿಸುವವರನ್ನು ಕಂಡು, ಕೆಲಸವಿಲ್ಲದವರ ಹವ್ಯಾಸ ಎಂದು ನಗುವವರೇ ಹೆಚ್ಚು. ಆದರೆ ತಂತ್ರಾಂಶದಲ್ಲಿ ಅಗತ್ಯ ಯಾವುದು, ರೂಢಿ ಯಾವುದು ಎಂದು ಬೇರ್ಪಡಿಸಲು ಇದೊಂದು ಒಳ್ಳೆಯ ಪರೀಕ್ಷೆ. ಬೇಕಾದ ಪದವಿರುವ ಸಾಲುಗಳನ್ನು ಕಡತದಿಂದ ಹೆಕ್ಕಿ ಕೊಡುವುದಷ್ಟೇ ಗ್ರೆಪ್‌ನ ಕೆಲಸ. ಇಡೀ ಕಡತ ಮೆಮೊರಿಯಲ್ಲಿ ಇರಬೇಕಿಲ್ಲ, ಒಮ್ಮೆಗೆ ಒಂದು ಸಾಲು ಸಾಕು. 1970ರ ದಶಕದಲ್ಲಿ ಕೆನ್ ಥಾಂಪ್ಸನ್ ಇದನ್ನು ರೂಪಿಸಿದಾಗ ಯುನಿಕ್ಸ್ ಓಡುತ್ತಿದ್ದುದು ಪಿಡಿಪಿ-11 ಎಂಬ ಕಂಪ್ಯೂಟರಿನ ಮೇಲೆ. ಕಮೋಡೋರ್ 64ರಂತೆಯೇ ಅದರ 16 ಬಿಟ್ ವಿಳಾಸಕ್ಕೆ ಎಟುಕುತ್ತಿದ್ದುದೂ 64 ಕಿಲೋಬೈಟ್ ಮೆಮೊರಿ ಮಾತ್ರ. ನಿಜವಾದ ತೊಡಕು ಬೇರೆಡೆ ಇದೆ. ಸಾಲಿನ ಕೊನೆಗೆ ಯುನಿಕ್ಸ್ 10 ಎಂಬ ಸಂಕೇತ ಇಟ್ಟರೆ ಕಮೋಡೋರ್ ಇಡುವುದು 13. ಇದನ್ನು ಗಮನಿಸದಿದ್ದರೆ ಇಡೀ ಕಡತ ಒಂದೇ ಸಾಲಾಗಿಬಿಡುತ್ತದೆ. ಕಮೋಡೋರ್‌ನ ಪ್ರೊಸೆಸರಿನಲ್ಲಿ, ಕರೆದ ಕೋಡು ಮುಗಿದ ಮೇಲೆ ಮರಳಬೇಕಾದ ಜಾಗವನ್ನು ನೆನಪಿಡುವ ಸ್ಟ್ಯಾಕ್ ಬರೀ 256 ಬೈಟ್ ಆದ್ದರಿಂದ, ತನ್ನನ್ನೇ ಪದೇ ಪದೇ ಕರೆದುಕೊಳ್ಳುವ ಕೋಡನ್ನು ಲೂಪ್ ಆಗಿ ಬಿಡಿಸಿ ಬರೆಯುವುದೇ ಕ್ಷೇಮ.

ಮೆಮೊರಿ ಅಗ್ಗವಾಗಿರುವಾಗ ಈ ಪಾಡೇಕೆ ಎನ್ನುವ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಇಂದಿನ ಗಾತ್ರವೆಲ್ಲ ದುಂದೂ ಅಲ್ಲ: ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ‘ಕ’ ಎಂಬ ಒಂದೇ ಅಕ್ಷರಕ್ಕೆ ಮೂರು ಬೈಟ್ ಬೇಕು. ಕನ್ನಡದಲ್ಲಿ ಹುಡುಕುವ ಸೌಲಭ್ಯಕ್ಕೆ ತೆತ್ತ ಬೆಲೆಯನ್ನು ಕೊಬ್ಬು ಎನ್ನಲಾಗದು. ಆದರೆ ಅಂಥ ಸಕಾರಣ ಖರ್ಚನ್ನೂ ಯಾರೂ ಕೇಳದ ಖರ್ಚನ್ನೂ ಬೇರೆ ಮಾಡಿ ನೋಡಲು ಅಳತೆಗೋಲು ಬೇಕಲ್ಲ? ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ಫೋನು ಕೊಳ್ಳಲಾಗದವರ ಪರವಾಗಿ ತಂತ್ರಾಂಶ ಬರೆಯುವವರು ಆ ಲೆಕ್ಕ ಹಾಕಲೇಬೇಕು.